ಪುಟ್ಟನ ಅಪ್ಪನ ಶಸ್ತ್ರಾಗಾರ

ಪುಟ್ಟನ ಅಪ್ಪನ ಎದುರು ‘ಬಾಡಿಗೆ ಡ್ರೆಸ್’ ಎನ್ನಬಾರದು. ಶಾಲೆಯಿಂದ ಛದ್ಮವೇಷ ಸ್ಪರ್ಧೆಯ ಚೀಟಿ ಬಂದ ದಿನ ಅವರ ಹೆಂಡತಿ ಬಾಯಿತಪ್ಪಿ ಹಾಗೆಂದು, ಊಟದ ಹೊತ್ತಿನವರೆಗೆ ಉಪನ್ಯಾಸ ಕೇಳಬೇಕಾಯಿತು. ಬಾಡಿಗೆ ಅಂಗಡಿಯ ಕಿರೀಟ ಯಾರ್ಯಾರ ತಲೆಯ ಎಣ್ಣೆ ಕುಡಿದಿದೆಯೋ, ದಿನಕ್ಕಿಷ್ಟು ಬಾಡಿಗೆ, ಅದರ ಮೇಲೆ ಡಿಪಾಸಿಟ್ಟು, ಒಂದು ಚಮಕಿ ಉದುರಿದರೂ ದಂಡ. ‘ಮನೇಲಿ ಬಿದ್ದಿರೋ ಸಾಮಾನಲ್ಲೇ ಮಾಡ್ತೀನಿ. ಖರ್ಚು ಸೊನ್ನೆ’ ಎಂದು ಘೋಷಣೆಯಾಯಿತು. ಆ ಸೊನ್ನೆಗೆ ಎಡಗಡೆ ಯಾವ ಯಾವ ಅಂಕಿ ಬಂದು ಕೂತವೆಂಬುದು ಮುಂದಿನ ಕಥೆ.

ಇಂಥವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿರುತ್ತಾರೆ. ವಾರವೆಲ್ಲ ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರುವಿಹಾಕುವ ಮೆತ್ತನೆಯ ಮನುಷ್ಯ. ಮಗನ ವೇಷದ ಮಾತು ಬಂತೋ, ಕಿವಿಗೆ ಪೆನ್ಸಿಲ್ ಏರುತ್ತದೆ. ನನ್ನ ಪ್ರಕಾರ ಈ ರೋಗದ ಮೂಲ ದೂರದರ್ಶನ. 1988ರಿಂದ 90ರವರೆಗೆ ಭಾನುವಾರ ಬೆಳಿಗ್ಗೆ ‘ಮಹಾಭಾರತ’ ನೋಡಿ, ಮನೆಯ ಪೊರಕೆಕಡ್ಡಿಯನ್ನೆಲ್ಲ ಬಾಣ ಮಾಡಿ, ಅಮ್ಮನಿಂದ ಅದೇ ಪೊರಕೆಯಲ್ಲಿ ಏಟು ತಿಂದ ಹುಡುಗರೆಲ್ಲ ಈಗ ಅಪ್ಪಂದಿರಾಗಿದ್ದಾರೆ. ಅಂದು ಅರ್ಧಕ್ಕೆ ನಿಂತ ಯುದ್ಧವನ್ನು ಈಗ ಮಗನ ಮೈಮೇಲೆ ಮುಗಿಸುತ್ತಾರೆ.

ಪುಟ್ಟ ಕೇಳಿದ್ದು ‘ಡ್ರ್ಯಾಗನ್ ಯೋಧ’. ಅಪ್ಪನಿಗೆ ಹಿಗ್ಗೋ ಹಿಗ್ಗು. ಅರ್ಜುನನನ್ನು ಮಾಡಿದರೆ ಗಾಂಡೀವ ಹಾಗಿರಲಿಲ್ಲ, ಹೀಗಿತ್ತು ಎನ್ನಲು ಅಕ್ಕಪಕ್ಕದ ಅಜ್ಜಿಯರೇ ಸಾಕು. ಡ್ರ್ಯಾಗನ್ ಯೋಧನ ವಿಷಯದಲ್ಲಿ ತಪ್ಪು ಹಿಡಿಯಲು ಯಾವ ಪುರಾಣಿಕರಿಗೂ ಸಾಧ್ಯವಿಲ್ಲ.

ಮೊದಲ ಎದೆಗವಚ ಥರ್ಮಾಕೋಲಿನದು. ಟಿವಿ ಬಂದ ಡಬ್ಬದ್ದು, ಪುಕ್ಕಟೆ. ಅದಕ್ಕೆ ಸಾದಾ ಬಿಳಿ ಫೆವಿಕಾಲ್ ಸಾಕಿತ್ತು. ಆದರೆ ಯೋಧನ ಕವಚಕ್ಕೆ ಮಕ್ಕಳ ಗೋಂದು ಹಚ್ಚುವುದುಂಟೆ? ಚಪ್ಪಲಿ ಅಂಟಿಸುವ ಗಟ್ಟಿ ಗೋಂದನ್ನೇ ಬಳಿದು ಮಲಗಿದರು. ಅದರಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಬೆಳಿಗ್ಗೆ ನೋಡಿದರೆ ಡ್ರ್ಯಾಗನ್ನೇ ರಾತ್ರಿ ಬಂದು ಕಚ್ಚಿ ಹೋದ ಹಾಗೆ ಎದೆಯ ನಡುವೆ ಗುಳಿ. ಪುಟ್ಟನಿಗೆ ಅದೇ ಬಹಳ ಇಷ್ಟವಾಗಿತ್ತು. ಅವನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಎರಡನೆಯದಕ್ಕೆ ಪುಟ್ಟನ ತಂಗಿ ಅಂಬೆಗಾಲಿಡುವ ಎಬಿಸಿಡಿ ಫೋಮ್ ಮ್ಯಾಟ್ ಬಲಿಯಾಯಿತು. ಪುಟ್ಟನನ್ನು ಕೈ ಚಾಚಿ ನಿಲ್ಲಿಸಿ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಪೇಪರ್ ಟೇಪ್ ಅಂಟಿಸಿ, ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಬೆನ್ನ ಕಡೆ ಕತ್ತರಿಸಿ ಬಿಡಿಸಿದರೆ ಅದೇ ಅಳತೆಯ ಪ್ಯಾಟರ್ನ್. ಬ್ಲೌಸ್ ಹೊಲಿಯುವವರು ಅಳತೆ ಟೇಪಿನಲ್ಲಿ ಎರಡು ನಿಮಿಷಕ್ಕೆ ಮುಗಿಸುವ ಕೆಲಸ ಎಂದು ಹೆಂಡತಿ ಹೇಳಿ ನೋಡಿದರು. ಫೋಮು ಬಾಗಬೇಕಾದರೆ ಬಿಸಿ ತಾಗಬೇಕು. ಹೆಂಡತಿಯ ಹೇರ್ ಡ್ರೈಯರ್ ಸಾಲದಾಗಿ ಹೀಟ್ ಗನ್ ಬಂತು. ಕಣ್ಣಿಗೆ ಎಲ್‌ಇಡಿ ಬೇಕೆಂದು ಎಸ್‌.ಪಿ. ರಸ್ತೆಗೂ, ಮೇಲ್ವಸ್ತ್ರಕ್ಕೆ ವೆಲ್ವೆಟ್ ಬೇಕೆಂದು ಚಿಕ್ಕಪೇಟೆಗೂ ದಂಡಯಾತ್ರೆ ನಡೆಯಿತು.

ಫೋಮು ಜೋಡಿಸಲು ಮತ್ತೆ ಅದೇ ಚಪ್ಪಲಿ ಗೋಂದು. ಆ ಗೋಂದಿನ ಶಿಸ್ತೇ ಬೇರೆ. ಎರಡೂ ಅಂಚಿಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಜೋಡಿಸಬೇಕು. ಕೂತಲ್ಲಿ ಕೂತಿತು, ಸರಿಸುವಂತಿಲ್ಲ. ‘ರೀ, ಹಾಲು ಉಕ್ತಿದೆ, ಒಲೆ ಆರಿಸಿ’ ಎಂದು ಬಚ್ಚಲಿನಿಂದ ಕೂಗಿದರೆ, ‘ಈಗ ಭುಜ ಕೂರೋ ಹೊತ್ತು, ಮಾತಾಡಿಸಬೇಡ’ ಎಂಬ ಉತ್ತರ. ಹಾಲು ಉಕ್ಕಿತು. ಭುಜ ಕೂತಿತು.

ನಿಜ ಹೇಳಬೇಕೆಂದರೆ ಕವಚ ಬಲು ಚೆನ್ನಾಗಿತ್ತು. ಮೊದಲು ಇಡೀ ಕಪ್ಪು ಬಳಿದು, ಬ್ರಷ್ಷಿನ ಬೆಳ್ಳಿಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಚೂರುಪಾರನ್ನು ಅಂಚಿಗಷ್ಟೇ ಸವರಿದರು. ಮ್ಯಾಟು ಕಬ್ಬಿಣವಾಯಿತು! ಒಳಗಡೆ ಮಾತ್ರ ಹೃದಯದ ಜಾಗದಲ್ಲಿ ‘ಕ್ಯೂ’ ಅಕ್ಷರ ಉಳಿದಿತ್ತು. ಇನ್ನು ಯುದ್ಧ ಮಾಡಿ ಸವೆದಂತೆ ಕಾಣಲಿ ಎಂದು ಬ್ಲೇಡಿನಲ್ಲಿ ಗೀರತೊಡಗಿದಾಗ ಹೆಂಡತಿಗೆ ತಡೆಯಲಾಗಲಿಲ್ಲ. ‘ಹೊಸದನ್ನ ಹಳೇದು ಮಾಡೋಕೆ ಇಷ್ಟು ರಾತ್ರಿ ನಿದ್ದೆಗೆಡಬೇಕಾ? ಪುಟ್ಟನ ಕೈಗೆ ಕೊಟ್ಟಿದ್ರೆ ಅರ್ಧ ಗಂಟೆ ಸಾಕಿತ್ತು.’

ಸ್ಪರ್ಧೆಯ ಹಿಂದಿನ ದಿನ ಮಂಡ್ಯದ ಕಡೆಯಿಂದ ತಾತ ಬಂದರು. ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ಭೀಮನಾದವರು. ಆ ಕಡೆ ಪಾತ್ರ ಸುಮ್ಮನೆ ಸಿಗುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ಗೊತ್ತುಮಾಡಿದ ದುಡ್ಡು ಕಟ್ಟಬೇಕು, ದುರ್ಯೋಧನನೋ ಕೃಷ್ಣನೋ ಆಗಬೇಕಾದರೆ ಜೇಬು ಇನ್ನೂ ಗಟ್ಟಿ ಇರಬೇಕು. ಡ್ರಾಮಾ ಸೀನರಿಯವರು ತಂದ ಜರಿ ವೆಲ್ವೆಟ್ ತೊಟ್ಟು, ರಾತ್ರಿಯಿಡೀ ಕುಣಿದು, ಬೆಳಗಾದ ಮೇಲೆ ದುರ್ಯೋಧನನ ತೊಡೆ ಮುರಿದ ಅನುಭವಸ್ಥರು. ಕವಚವನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದೇ ಪ್ರಶ್ನೆ ಹಾಕಿದರು. ‘ಎಲ್ಲಾ ಸರಿ ಕಣ್ಲಾ. ಹುಡ್ಗುಂಗೆ ಒಂದುಕ್ ಬಂದ್ರೆ ಏನ್ ಮಾಡಾನು?’

‘ಮೂರು ನಿಮಿಷದ ಪ್ರೋಗ್ರಾಂ ಅಪ್ಪಯ್ಯ.’

ಬೆಳಿಗ್ಗೆ ರೆಕ್ಕೆಯಿಂದಾಗಿ ಯೋಧ ಆಟೋದೊಳಗೆ ಹಿಡಿಸಲಿಲ್ಲ. ಶಾಲೆಯವರೆಗೆ ನಡೆಸಿಕೊಂಡೇ ಹೋದರು. ಬೀದಿನಾಯಿಗಳು ಗಣ್ಯರನ್ನು ಬೀಳ್ಕೊಡುವಂತೆ ಹಿಂದೆ ಬಂದವು. ವೇದಿಕೆಯ ಮೇಲೆ ಬದನೆಕಾಯಿಯಾಗಿದ್ದ ಹುಡುಗ ‘ನಾನು ತರಕಾರಿಗಳ ರಾಜ, ನನಗೆ ಕಿರೀಟವಿದೆ’ ಎಂದು ಗಡಗಡ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ನಮ್ಮ ಯೋಧ. ಅಗ್ನಿಗಿರಿ ಸಾಮ್ರಾಜ್ಯದ ಇತಿಹಾಸವನ್ನು ಒಂದು ಪುಟ ಬರೆದು ಬಾಯಿಪಾಠ ಮಾಡಿಸಲಾಗಿತ್ತು. ಕಣ್ಣಿನ ದೀಪ ಹೊತ್ತಿತು. ಸಭೆ ‘ಓ’ ಎಂದಿತು. ಟೀಚರ್ ಮೈಕ್ ಹಿಡಿದು ಕೇಳಿದರು, ‘ಯಾರಪ್ಪಾ ನೀನು?’

ಶಿರಸ್ತ್ರಾಣದೊಳಗಿಂದ ಸಣ್ಣ ದನಿ ಬಂತು. ‘ಮಿಸ್, ಇದನ್ನ ನಮ್ಮಪ್ಪ ಮಾಡಿದ್ದು. ಬಿಚ್ಚೋಕೆ ಬರಲ್ಲ. ನಂಗೆ ಅರ್ಜೆಂಟು.’

ತಾತ ಆಗಲೇ ಪರದೆಯ ಹಿಂದಿದ್ದರು, ಜೇಬಿನಲ್ಲಿ ಕತ್ತರಿಯೊಂದಿಗೆ. ‘ಎಡಗಡೆ ಜಾಯಿಂಟಲ್ಲಿ ಕತ್ತರಿಸಿ! ಬಲಗಡೆ ವೈರಿಂಗ್ ಇದೆ!’ ಎಂದು ಅಪ್ಪ ಶೌಚಾಲಯದವರೆಗೆ ಕೂಗುತ್ತ ಓಡಿದರು. ಮೊದಲ ಬಹುಮಾನ ಬದನೆಕಾಯಿಗೆ ಹೋಯಿತು.

ಹೊರಡುವಾಗ ಟೀಚರ್ ಕತ್ತರಿಸಿದ ಕವಚವನ್ನು ಮುಟ್ಟಿ ನೋಡಿ, ‘ಎಷ್ಟು ಚೆನ್ನಾಗಿದೆ ಸಾರ್! ವಾರ್ಷಿಕೋತ್ಸವಕ್ಕೆ ಸೈನಿಕರ ಡ್ಯಾನ್ಸ್ ಇಟ್ಟಿದ್ದೀವಿ. ಇಪ್ಪತ್ತು ಮಕ್ಕಳು...’ ಎಂದು ರಾಗ ಎಳೆದರು. ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದರು. ಪುಟ್ಟನ ಅಪ್ಪ ಅಷ್ಟರಲ್ಲಾಗಲೇ ಬದನೆಕಾಯಿ ಹುಡುಗನ ಭುಜದ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದರು.