ಹನ್ನೊಂದು ಅಕ್ಷರದ ಫಜೀತಿ

ಫೋನಿನಲ್ಲಿ ಬ್ಯಾಂಕ್ ಕೋಡ್ ಹೇಳಬೇಕಾದರೆ ಕನ್ನಡಿಗರು ಇಡೀ ರಾಜ್ಯವನ್ನೇ ಸುತ್ತಿಬಿಡುತ್ತಾರೆ. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಫ್ರಾಂಕ್‌ಫರ್ಟಿನಲ್ಲಿರುವ ಮಗನಿಗೆ ಪಾಸ್‌ಬುಕ್ ನೋಡಿಕೊಂಡು ಹೇಳುತ್ತಿದ್ದರು: “ಸಿ ಫಾರ್ ಚಿಕ್ಕಮಗಳೂರು, ಎನ್ ಫಾರ್ ನಂಜನಗೂಡು, ಆರ್ ಫಾರ್ ರಾಯಚೂರು, ಬಿ ಫಾರ್ ಬಳ್ಳಾರಿ, ಆಮೇಲೊಂದು ಸೊನ್ನೆ...”

“ಸೊನ್ನೆ ಬಂತಾ? ಅಪ್ಪಾ, ಅದು ಐಎಫ್‌ಎಸ್‌ಸಿ. ನಾನು ಕೇಳಿದ್ದು ಸ್ವಿಫ್ಟ್ ಕೋಡ್.”

“ಇದರಲ್ಲೂ ಹನ್ನೊಂದು ಅಕ್ಷರ ಇದೆಯಲ್ಲೋ!”

ಮೇಷ್ಟ್ರ ಲೆಕ್ಕ ತಪ್ಪಿರಲಿಲ್ಲ. ಐಎಫ್‌ಎಸ್‌ಸಿಗೂ ಹನ್ನೊಂದು, ಸ್ವಿಫ್ಟ್ ಕೋಡಿಗೂ ಹನ್ನೊಂದು. ಎರಡನೆಯದು ಕೆಲವೊಮ್ಮೆ ಎಂಟಕ್ಕೇ ಮುಗಿಯುತ್ತದೆ. ಐಎಫ್‌ಎಸ್‌ಸಿಯ ಕಾರುಬಾರು ದೇಶದೊಳಗೆ ಮಾತ್ರ. ಅದರ ಐದನೆಯ ಜಾಗ ಸೊನ್ನೆಗೇ ಮೀಸಲು. ಅಲ್ಲಿ ‘ಓ’ ಬರೆದು ಕೌಂಟರಿನಿಂದ ಚಲನ್ ವಾಪಸ್ ಪಡೆದವರು ಯಾವ ಊರಲ್ಲಾದರೂ ಸಿಗುತ್ತಾರೆ.

ಬಿಐಸಿ ಎಂಬ ಇನ್ನೊಂದು ಹೆಸರೂ ಇರುವ ಸ್ವಿಫ್ಟ್ ಕೋಡನ್ನು ಬಿಡಿಸಿ ಓದುವುದು ಸುಲಭ. ಮೊದಲ ನಾಲ್ಕು ಅಕ್ಷರ ಬ್ಯಾಂಕು, ಮುಂದಿನ ಎರಡು ದೇಶ, ಆಮೇಲಿನ ಎರಡು ಸ್ಥಳ, ಕೊನೆಯ ಮೂರು ಶಾಖೆ. ಡಿಇಯುಟಿ-ಡಿಇ-ಎಫ್‌ಎಫ್ ಎಂದರೆ ಡಾಯ್ಚ ಬ್ಯಾಂಕ್, ಜರ್ಮನಿ, ಫ್ರಾಂಕ್‌ಫರ್ಟ್. ಕೆನರಾ ಬ್ಯಾಂಕಿನದು ಸಿಎನ್‌ಆರ್‌ಬಿ-ಐಎನ್-ಬಿಬಿ. ಈ ‘ಬಿಬಿ’ ಕಂಡು ನಮ್ಮ ಬೆಂಗಳೂರೇ ಎಂದು ಬೀಗುವಂತಿಲ್ಲ; ಮುಂಬೈಯ ಸ್ಟೇಟ್ ಬ್ಯಾಂಕಿಗೂ ಅದೇ ಬಿಬಿ.

ಕೋಡು ಒಮ್ಮೆ ಬಾಯಿಪಾಠವಾದರೆ ಗೆದ್ದಂತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿತು. 2021ರ ಜುಲೈ 1ರಿಂದ ಅದರ ಐಎಫ್‌ಎಸ್‌ಸಿ, ಸ್ವಿಫ್ಟ್ ಎರಡೂ ರದ್ದಾದವು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದ ಪಾಲಾಯಿತು. ಆದರೂ ಅದರ ಹಳೆಯ ಶಾಖೆಗಳ ಹೊಸ ಐಎಫ್‌ಎಸ್‌ಸಿಯಲ್ಲಿ ಸೊನ್ನೆಯ ಪಕ್ಕ ‘ವಿಜೆ’ ಉಳಿದುಕೊಂಡಿದೆ, ಸೊಸೆಯಾಗಿ ಬಂದವಳು ತವರಿನ ಇನಿಷಿಯಲ್ ಬಿಡದ ಹಾಗೆ.

ಇಷ್ಟೆಲ್ಲ ಅಕ್ಷರ ಕಟ್ಟಿಕೊಂಡು ಸ್ವಿಫ್ಟ್ ಒಂದು ಪೈಸೆಯನ್ನೂ ಸಾಗಿಸುವುದಿಲ್ಲ ಎಂದರೆ ಮೇಷ್ಟ್ರು ನಂಬಲಿಲ್ಲ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಕಟ್ಟಿದ ಈ ಸಂಸ್ಥೆಯ ಕೆಲಸ ಸಂದೇಶ ಮುಟ್ಟಿಸುವುದಷ್ಟೇ. ಅದಕ್ಕೂ ಮೊದಲು ಟೆಲೆಕ್ಸ್ ಇತ್ತು. ಹಣವೇನಿದ್ದರೂ ಬ್ಯಾಂಕುಗಳು ಒಂದರಲ್ಲೊಂದು ಇಟ್ಟುಕೊಂಡ ಖಾತೆಗಳಲ್ಲಿ ಜಮಾ-ಖರ್ಚಾಗುತ್ತದೆ. ನಡುವೆ ಸಿಕ್ಕ ಬ್ಯಾಂಕು ತನ್ನ ಶುಲ್ಕ ಮುರಿದುಕೊಳ್ಳುವುದೂ ಉಂಟು. ಮಗ ಕಳಿಸಿದ್ದಕ್ಕೂ ಅಪ್ಪನ ಕೈಗೆ ಬಂದದ್ದಕ್ಕೂ ತಾಳೆಯಾಗದಿದ್ದರೆ ಸೊಸೆಯ ಮೇಲೆ ಅನುಮಾನ ಬೇಡ.

ಕೋಡು ಸರಿಯಿದ್ದರೂ ಕಾಗುಣಿತ ಕೈಕೊಡಬಹುದು. 2016ರ ಫೆಬ್ರುವರಿಯಲ್ಲಿ ಕಳ್ಳರು ಬಾಂಗ್ಲಾದೇಶ ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿ, ಅದರ ಹೆಸರಿನಲ್ಲೇ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಸ್ವಿಫ್ಟ್ ಸಂದೇಶ ಕಳಿಸಿದರು. 8.1 ಕೋಟಿ ಡಾಲರ್ ಮನಿಲಾ ಸೇರಿತು. ಶ್ರೀಲಂಕಾಕ್ಕೆ ಹೊರಟ 2 ಕೋಟಿ ಡಾಲರಿನ ಸಂದೇಶದಲ್ಲಿ ಮಾತ್ರ ‘ಫೌಂಡೇಶನ್’ ಇರಬೇಕಾದಲ್ಲಿ ‘ಫ್ಯಾಂಡೇಶನ್’ ಎಂದಿತ್ತು. ದಾರಿಯಲ್ಲಿದ್ದ ಡಾಯ್ಚ ಬ್ಯಾಂಕಿನವರು ಇದೇನೆಂದು ವಿಚಾರಿಸಿದರು. ಹಣ ಅಲ್ಲಿಗೇ ನಿಂತಿತು. ಮೇಷ್ಟ್ರಿಗೆ ಬಹಳ ಹಿಡಿಸಿದ ಪ್ರಸಂಗವಿದು. ಒಂದು ಕಾಗುಣಿತಕ್ಕೆ ಎರಡು ಕೋಟಿ ಕಳೆಯುವ ಧೈರ್ಯ ಅವರಿಗೂ ಬಂದಿರಲಿಲ್ಲ.

ಮಗ ತುಂಬಿಸುತ್ತಿದ್ದ ಫಾರಂ ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯನ್ನು ಬೇರೆ ಕೇಳುತ್ತಿತ್ತು. ಜರ್ಮನಿಯಲ್ಲಿ ಅದು 22 ಅಕ್ಷರ-ಅಂಕಿಗಳ ಉದ್ದ, ತಪ್ಪು ಬರೆದರೆ ಹಿಡಿಯಲು ಎರಡು ತಾಳೆ ಅಂಕಿಗಳೂ ಅದರಲ್ಲಿವೆ. ಭಾರತದಲ್ಲಿ ಐಬ್ಯಾನ್ ಇಲ್ಲ. ಖಾತೆ ಸಂಖ್ಯೆಯೇ ಸಾಕು. ಸ್ವಿಫ್ಟ್ ಕೋಡಿನಲ್ಲಿ ಅಂಥ ತಾಳೆ ಅಂಕಿಯಿಲ್ಲ.

ಆದ್ದರಿಂದ ಹೊರದೇಶದಿಂದ ಹಣ ತರಿಸುವವರು ಪಾಸ್‌ಬುಕ್ ನಂಬಿ ಕೂರಬೇಡಿ. ಎಲ್ಲ ಶಾಖೆಗಳಿಗೂ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆ ಯಾವುದೆಂದು ಬ್ಯಾಂಕಿನಲ್ಲಿ ಕೇಳಿ, ಕೋಡನ್ನು ಬರೆಸಿಕೊಂಡು, ಆ ಚೀಟಿಯ ಫೋಟೊ ಕಳಿಸಿ.