ಆಪತ್ಕಾಲದ ರಾಯರು

ಮಳೆಯ ವಿಷಯದಲ್ಲಿ ಇತಿಹಾಸಪ್ರಸಿದ್ಧವಾದ ಮುಂಬಯಿಯ ಸಾಂತಾಕ್ರೂಜಿನಲ್ಲಿ, ಪ್ರತಿಯೊಂದು ಹೌಸಿಂಗ್ ಸೊಸೈಟಿಗೂ ಒಬ್ಬ ಸೆಕ್ರೆಟರಿ, ಒಬ್ಬ ವಾಚ್‌ಮನ್ ಇರುವಂತೆಯೇ, ಒಬ್ಬ ಆಪತ್ಕಾಲದ ರಾಯರೂ ಇದ್ದೇ ಇರುವರು. ಅಲ್ಲಿಯ ವಾಕೋಲಾದ ನಮ್ಮ ರಾಯರು ಮೂಲತಃ ಉಡುಪಿಯ ಕಡೆಯವರು. ಮಳೆಗಾಲಕ್ಕೆ ಮುನ್ನವೇ ಹಪ್ಪಳ, ಸಂಡಿಗೆ, ಹುಣಸೆಹಣ್ಣು, ಒಣಸೌದೆಗಳನ್ನು ಅಟ್ಟಕ್ಕೇರಿಸುತ್ತಿದ್ದ ಅಜ್ಜಿಯ ದೂರದೃಷ್ಟಿ ಅವರಿಗೆ ಪಿತ್ರಾರ್ಜಿತವಾಗಿ ಬಂದಿದೆಯಾದರೂ, ಅಜ್ಜಿ ಕೂಡಿಟ್ಟದ್ದನ್ನು ಮನೆಮಂದಿ ಉಂಡು ಮುಗಿಸುತ್ತಿದ್ದರು. ರಾಯರು ಕೂಡಿಟ್ಟದ್ದನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ.

ರಾಯರ ಶಕೆ ಆರಂಭವಾಗುವುದು 2005ರ ಜುಲೈ 26ರಿಂದ. ಅಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನ ಹವಾಮಾನ ಕೇಂದ್ರವು 944 ಮಿಲಿಮೀಟರ್ ಮಳೆಯನ್ನು ದಾಖಲಿಸಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಾತ್ರ. ಅದೇ ತುದಿಯ ಫೋರ್ಟಿನ ಕಚೇರಿಯಲ್ಲಿ ಕುಳಿತು ಕಿಟಕಿಯಾಚೆಯ ಸಾಧಾರಣ ಮಳೆಯನ್ನು ಸವಿಯುತ್ತಿದ್ದ ರಾಯರು, ಲೋಕಲ್ ಗಾಡಿಗಳು ನಿಂತುಹೋದ ಮೇಲೆ ಸೊಂಟಮಟ್ಟದ ನೀರಿನಲ್ಲಿ ನಡೆನಡೆದು ಮರುದಿನ ಮನೆ ಸೇರುವಷ್ಟರಲ್ಲಿ, ಮೀಠಿ ನದಿ ಉಕ್ಕಿ, ರೇಶನ್ ಕಾರ್ಡೂ ವಿಮಾಪತ್ರಗಳೂ ಅಕ್ಷರವಳಿದು ಮುದ್ದೆಯಾಗಿದ್ದವು. ಆಮೇಲೆ 944 ಎಂಬ ಅಂಕಿಯು ಅವರಿಗೆ ಗೋತ್ರಪ್ರವರದಷ್ಟೇ ಕಂಠಸ್ಥವಾಯಿತು. ಕೊಲಾಬಾದವರಾರಾದರೂ ಮಳೆಯ ಮಾತೆತ್ತಿದರೆ, ಎಪ್ಪತ್ತಮೂರು ಮಿಲಿಮೀಟರಿನವರೊಡನೆ ತಮಗೇನು ಚರ್ಚೆಯೆಂಬಂತೆ ರಾಯರು ಮುಗುಳ್ನಗುವರು.

ಪ್ರತಿವರ್ಷ ಮೇ ತಿಂಗಳ ಕೊನೆಯ ಭಾನುವಾರ ದಾಸ್ತಾನಿನ ಪುನರ್ವಿಮರ್ಶೆ. ಅಟ್ಟದಿಂದಿಳಿದ ಡಬ್ಬಗಳಿಂದ ಮೇಣದಬತ್ತಿ, ನೈಲಾನ್ ಹಗ್ಗ, ಜ್ವರದ ಮಾತ್ರೆ, ಸೀಟಿ, ಟಾರ್ಚು, ಲ್ಯಾಮಿನೇಟ್ ಮಾಡಿಸಿದ ಕಾಗದಪತ್ರಗಳು ಒಂದೊಂದಾಗಿ ಹೊರಬಿದ್ದು, ನೋಟುಬುಕ್ಕಿನಲ್ಲಿ ಗುರುತು ಪಡೆದು, ಪುನಃ ಒಳಸೇರುವುವು. ಅವಧಿ ಮುಗಿಯುತ್ತ ಬಂದ ಬಿಸ್ಕತ್ತು ಅವಲಕ್ಕಿಗಳನ್ನು ಅಂದೇ ಮನೆಮಂದಿಗೆ ವಿತರಿಸಲಾಗುವುದರಿಂದ, ಆ ಮನೆಯ ಮಕ್ಕಳು ಜೂನ್ ತಿಂಗಳಲ್ಲಿ ಗರಿಗರಿಯಾದ ಬಿಸ್ಕತ್ತನ್ನು ಕಂಡವರೇ ಅಲ್ಲ. ಸಮುದ್ರದ ಉಬ್ಬರವು ನಾಲ್ಕೂವರೆ ಮೀಟರನ್ನು ಮೀರುವ ದಿನಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಬೀಳುವುದೂ ಅಂದೇ.

ಇಷ್ಟೆಲ್ಲ ಇದ್ದೂ, ಒಂದು ಸಂಜೆ ಕರೆಂಟು ಹೋದಾಗ ಅವರ ಮನೆಯವರು ಒಂದು ಮೇಣದಬತ್ತಿ ಕೇಳಿದರೆ, ಕತ್ತಲೊಳಗಿಂದ ರಾಯರ ಧ್ವನಿ ಕೇಳಿಬಂತು: “ಇದು ಆಪತ್ತಲ್ಲ ಮಾರಾಯ್ತಿ, ಬರೀ ಕತ್ತಲೆ!”

“ಹಾಗಾದ್ರೆ ನಿಮ್ಮ ಆಪತ್ತು ಯಾವಾಗ ಬರ್ತದೆ, ಅದನ್ನಾದ್ರೂ ಹೇಳಿ. ಅಷ್ಟರೊಳಗೆ ಅಕ್ಕಿ ಬೇಯಿಸಿಡ್ತೇನೆ” ಎಂದರು ಆ ಸಾಧ್ವಿ.

ಆಶ್ರಯಸ್ಥಾನದ ವಿಚಾರದಲ್ಲಿ ಮಾತ್ರ ರಾಯರ ಹಟ ಸೊಸೈಟಿಯ ಮಹಾಸಭೆಯವರೆಗೂ ಹೋಯಿತು. ಟೆರೇಸಿನ ಬೀಗದ ಕೈ ಸೆಕ್ರೆಟರಿಯವರ ಕಪಾಟಿನಲ್ಲಿದ್ದು, ಸೆಕ್ರೆಟರಿಯವರು ವರ್ಷದ ಅರ್ಧಕಾಲ ಮಗಳ ಮನೆಯಲ್ಲಿದ್ದರೆ, ನೆಲಮಾಳಿಗೆಗೆ ಸಮನಾದ ಕೆಳಮನೆಗಳವರು ನೀರು ಬಂದಾಗ ಏರುವುದೆಲ್ಲಿಗೆ ಎಂಬುದು ಅವರ ಪ್ರಶ್ನೆ. ಸಭಿಕರು ನಕ್ಕು, ಬೇಸತ್ತು, ಕೊನೆಗೆ ಎರಡನೆಯ ಬೀಗದ ಕೈಯೊಂದನ್ನು ಮಾಡಿಸಿ, ಮೆಟ್ಟಿಲ ತಿರುವಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತೂಗುಹಾಕಲು ಒಪ್ಪಿದರು. ಮುಂದೊಂದು ಜುಲೈ ರಾತ್ರಿ ಕೆಳಮನೆಗಳಿಗೆ ನೀರು ನುಗ್ಗಿದಾಗ, ರಾಯರು ತಮ್ಮ ಟಾರ್ಚಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲಗಳ ಗಂಟನ್ನು ಒಂದೊಂದಾಗಿ ಬಿಚ್ಚುವಷ್ಟರಲ್ಲಿ, ಆ ಕುಟುಂಬಗಳು ಪೆಟ್ಟಿಗೆಯ ಬೀಗದ ಕೈಯಿಂದ ಬಾಗಿಲು ತೆರೆದು, ಟೆರೇಸಿನ ತಗಡಿನ ಮಾಡಿನಡಿ ಮಕ್ಕಳನ್ನು ಮಲಗಿಸಿಯೂ ಆಗಿತ್ತು.

ಅಟ್ಟಕ್ಕೇರಿಸಿ ಗಂಟುಕಟ್ಟಿದ ನೂರು ವಸ್ತುಗಳಿಗಿಂತ ಎಲ್ಲರ ಕೈಗೆಟಕುವ ಒಂದು ಬೀಗದ ಕೈ ಮೇಲೆಂಬುದನ್ನು ರಾಯರು ಇನ್ನೂ ಒಪ್ಪಿಲ್ಲ. ಆದರೆ ಆ ಬೀಗದ ಕೈಗಾಗಿ ಕಾದಾಡಿದವರೂ ಅವರೊಬ್ಬರೇ. ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ರಾಯರನ್ನು ಕಂಡು ನಗುವವರು ಧಾರಾಳವಾಗಿ ನಗಲಿ. ಆದರೆ ಆ ದಿನದೊಳಗೆ ತಮ್ಮ ಕಟ್ಟಡದ ಟೆರೇಸಿನ ಬೀಗದ ಕೈ ಯಾರ ಬಳಿಯಿದೆಯೆಂದು ಒಮ್ಮೆ ವಿಚಾರಿಸಿಕೊಂಡಿರಲಿ.