ಚಾಕುವಿನ ಕುಲಗೋತ್ರ

"ಏನೋ ಇದು ಕೆಂಪಗೆ? ಮಖಮಲ್ಲು ಹಾಸಿ ಮಲಗಿಸಿದೀಯ. ಸಾಲಿಗ್ರಾಮಾನಾ?"

"ವಿಕ್ಟೋರಿನಾಕ್ಸ್, ಅಜ್ಜಿ. ಸ್ವಿಸ್ ಚಾಕು. 1884ರಿಂದ ಬಂದ ಮನೆತನ."

"ಎದುರುಮನೆ ಹುಡುಗನ ಸ್ನೇಹ ಕತ್ತರಿಸಿದ್ದು ಇದೇನಾ?"

"ಅವನು ವೆಂಗರ್ ಕಡೆಯವನು. ಎರಡು ಕಂಪನೀನೂ ಸ್ವಿಸ್ ಸೈನ್ಯಕ್ಕೆ ಚಾಕು ಕೊಡ್ತಿದ್ವು. ನಮ್ಮದು 'ಒರಿಜಿನಲ್', ಅವರದು 'ಜೆನ್ಯೂಯಿನ್'!"

"ಎರಡಕ್ಕೂ ಅಸಲಿ ಅಂತ ತಾನೆ ಅರ್ಥ?"

"ಛೆ, ಅಜಗಜಾಂತರ!"

"ಸರಿ, ನಮ್ಮ ಮೇಲುಕೋಟೆ ತೆಂಗಲೆ-ವಡಗಲೆ ಜಗಳ ಅನ್ನು. ಆಮೇಲೆ?"

"2005ರಲ್ಲಿ ನಮ್ಮೋರು ವೆಂಗರನ್ನೇ ಕೊಂಡ್ಕೊಂಡ್ರು."

"ಅಯ್ಯೋ, ಅವರು ಒಂದೇ ಮನೆಯಾಗಿ ಇಷ್ಟು ವರ್ಷ ಆಯ್ತು. ನೀವಿನ್ನೂ ಬೀದೀಲಿ ಹೊಡೆದಾಡ್ತಿದೀರಾ?"

"ತತ್ವದ ಪ್ರಶ್ನೆ ಅಜ್ಜಿ!"

"ದಿಂಬಿನ ಕೆಳಗೆ ಇಕ್ಕಳದ ಥರ ಒಂದು ಸಿಕ್ತಲ್ಲ?"

(ಮೊಮ್ಮಗ ಎದ್ದು ಬಾಗಿಲು ಹಾಕಿ ಬಂದ.)

"ಮೆಲ್ಲಗೆ ಹೇಳು! ಅದು ಲೆದರ್‌ಮನ್, ಅಮೆರಿಕದ್ದು. 25 ವರ್ಷ ವಾರಂಟಿ. ನಮ್ಮ ಗುಂಪಿನೋರಿಗೆ ಗೊತ್ತಾದ್ರೆ ಮಾನ ಹೋಗುತ್ತೆ."

"ಓಹೋ, ಕದ್ದುಮುಚ್ಚಿ ಇಟ್ಕೊಂಡ ಸಂಬಂಧ. ನಿನ್ನ ಹೆಂಡತೀನೂ ಅಷ್ಟು ವರ್ಷದ ಭರವಸೆ ಕೊಟ್ಟಿಲ್ಲವಲ್ಲೋ! ಅದಿರಲಿ, ಈ ಮಾವಿನಹಣ್ಣು ಹೆಚ್ಚು."

"ಇದರಲ್ಲಾ? ರಸ ತಾಗಿದ್ರೆ ಅಲಗು ಹಾಳಾಗುತ್ತೆ ಅಜ್ಜಿ!"

"ಅದೇನೋ ಹೆಸರಿನ ಅರ್ಥ ಹೇಳ್ತಿದ್ದೆ?"

"ಕಂಪನಿ ಕಟ್ಟಿದೋನ ತಾಯಿ ವಿಕ್ಟೋರಿಯಾ. 'ಇನಾಕ್ಸ್' ಅಂದ್ರೆ ತುಕ್ಕು ಹಿಡಿಯದ ಉಕ್ಕು."

"ಪಾಪ, ಆ ತಾಯಿ ಮಗ ಕೆಲಸಕ್ಕೆ ಅಂತ ಮಾಡಿದ್ದನೋ ಏನೋ. ಎಳಿ ಇತ್ತ ಆ ಈಳಿಗೆಮಣೆ."

"ಅದು ಯಾವ ಬ್ರ್ಯಾಂಡು?"

"ಯಾರಿಗೆ ಗೊತ್ತಪ್ಪ! ನಮ್ಮತ್ತೆ ಕಾಲದ್ದು. ಜಗಳಕ್ಕೆ ಯಾರೂ ಬರಲಿಲ್ಲ ಅಂತ ಬರೀ ತರಕಾರಿ ಹೆಚ್ಕೊಂಡಿದ್ದೆ."